ಕರಿಹಲಗೆಯಿಂದ ಹುಟ್ಟಿದ ಲೆಕ್ಕದ ಹಾಳೆ

ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಬಡಾವಣೆಗಳಲ್ಲಿ ಕಛೇರಿ, ಕಾರ್ಖಾನೆ, ಅಂಗಡಿಗಳ ಲೆಕ್ಕಪತ್ರ ನೋಡುವ ತಂದೆತಾಯಿಗಳಿಗೆ ‘ಸ್ಪ್ರೆಡ್‌ಶೀಟ್’ ಹೊಸ ಮಾತಲ್ಲ. ಅದನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕೈಗೂ ಕೊಡಬಹುದು ಎಂದಾಗ ಮಾತ್ರ ಹುಬ್ಬೇರಿಸುವವರುಂಟು. ಮಗ್ಗಿ ಬಾಯಿಗೆ ಬರುವ ಮುನ್ನವೇ ಯಂತ್ರದಿಂದ ಗುಣಿಸಿದರೆ ಬುದ್ಧಿ ಜಡವಾಗದೆ? ಈ ಆತಂಕ ಅಕಾರಣವಾದುದಲ್ಲ. ಆದರೆ ಆ ಸಾಧನದ ಹುಟ್ಟನ್ನು ಓದುಗ ಬಂಧುಗಳು ಮೊದಲು ಅರಿಯಬೇಕು.

1978ರಲ್ಲಿ ಅಮೆರಿಕೆಯ ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಡಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಯಿದ್ದರು. ಅಧ್ಯಾಪಕರು ಕರಿಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿಯನ್ನು ತಿದ್ದಿದರೆ, ಅದನ್ನವಲಂಬಿಸಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ಆ ಬವಣೆಯನ್ನು ಕಂಡು ಹೊಳೆದ ಉಪಾಯವೇ, ಬಾಬ್ ಫ್ರಾಂಕ್‌ಸ್ಟನ್ ಅವರ ಸಹಯೋಗದಿಂದ 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ಹೆಸರಿನಲ್ಲಿ ಹೊರಬಂದಿತು. ಇಂದಿನ ಎಕ್ಸೆಲ್, ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ಅದೇ ವಂಶದವು. ತರಗತಿಗೆ ಅದು ಬಂದರೆ ತವರಿಗೆ ಬಂದಂತೆಯೇ ಸರಿ.

ಚೌಕಾಬಾರದ 25 ಮನೆಗಳನ್ನು ನೆಲದ ಮೇಲೆ ಗೀಚಿ ಆಡಿದ ಮಗುವಿಗೆ ಅಡ್ಡಸಾಲು, ಕಂಬಸಾಲುಗಳನ್ನು ವಿವರಿಸಬೇಕಾಗಿಲ್ಲ. ಒಂದು ಮನೆಯ ಅಂಕಿ ಬದಲಾದರೆ ಅದನ್ನು ನೆಚ್ಚಿದ ಇನ್ನೊಂದು ಮನೆಯ ಅಂಕಿಯೂ ತಾನಾಗಿ ಬದಲಾಗುತ್ತದೆ ಎಂಬುದಷ್ಟೇ ಹೊಸದು.

ಅಕ್ಷರ ದಾಸೋಹದ ಬಿಸಿಯೂಟವನ್ನೇ ತೆಗೆದುಕೊಳ್ಳೋಣ. ನಿಯಮದಂತೆ 1ರಿಂದ 5ನೆಯ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಾಜರಿ 42 ಎಂದಾದರೆ ಅಕ್ಕಿ 4 ಕಿಲೋ 200 ಗ್ರಾಂ, ಬೇಳೆ 840 ಗ್ರಾಂ. ಐವರು ಗೈರುಹಾಜರಾಗಿ 37 ಎಂದು ತಿದ್ದಿದೊಡನೆ ಅಕ್ಕಿ 3 ಕಿಲೋ 700 ಗ್ರಾಂ, ಬೇಳೆ 740 ಗ್ರಾಂ ಆಗುತ್ತದೆ. ಮಗು ಆಗ ತಾನೇ ಕೇಳತೊಡಗುತ್ತದೆ: 50 ಮಂದಿ ಬಂದರೆ? ನಾಳೆ ಬೇಳೆ ಅರ್ಧ ಮಾತ್ರ ಉಳಿದಿದ್ದರೆ? ಗುಣಾಕಾರದ ನಿಜವಾದ ಪ್ರಯೋಜನ ಇಂತಹ ಪ್ರಶ್ನೆಗಳಲ್ಲಿದೆ. ತನ್ನ ತಟ್ಟೆಗೆ ಎಷ್ಟು ಬರಬೇಕೆಂಬುದನ್ನು ತಾನೇ ಎಣಿಸಬಲ್ಲ ಮಗುವಿಗೆ ಯಾರೂ ಸುಲಭವಾಗಿ ತಪ್ಪು ಲೆಕ್ಕ ತೋರಿಸಲಾರರು.

ಆದರೆ ಯಂತ್ರಕ್ಕೆ ಸಂಕೋಚವಿಲ್ಲ. 100ರ ಬದಲು 10 ಎಂದು ಒತ್ತಿದರೆ, 42 ಮಕ್ಕಳಿಗೆ 420 ಗ್ರಾಂ ಅಕ್ಕಿ ಸಾಕೆಂದು ಅದು ನಿಶ್ಚಿಂತೆಯಿಂದ ತೋರಿಸುತ್ತದೆ. ಮಗ್ಗಿ ಬಲ್ಲ ಮಗು ನಗುತ್ತದೆ. ಅರಿಯದ ಮಗು ನಂಬುತ್ತದೆ. ದೊಡ್ಡವರೂ ನಂಬಿದ್ದುಂಟು. ದೇಶಗಳ ಸಾಲ ಹಾಗೂ ಆರ್ಥಿಕ ಬೆಳವಣಿಗೆಯ ಬಗ್ಗೆ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಬರೆದ ಪ್ರಬಂಧದ ಎಕ್ಸೆಲ್ ಹಾಳೆಯಲ್ಲಿ, ಐದು ದೇಶಗಳ ಸಾಲುಗಳು ಸರಾಸರಿಯಿಂದಲೇ ಬಿಟ್ಟುಹೋಗಿದ್ದವು. ಮೂಲ ಹಾಳೆಯನ್ನು ಕೇಳಿ ಪಡೆದು ಅದನ್ನು ಕಂಡುಹಿಡಿದವರು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. 2013ರಲ್ಲಿ ಅದು ಜಗಜ್ಜಾಹೀರಾಯಿತು.

ಆದುದರಿಂದ ಮೂರನೆಯ ತರಗತಿಗಿಂತ ಮೊದಲು ಈ ಸಾಧನದ ಅಗತ್ಯ ನನಗೆ ಕಾಣದು. ಆ ಮೇಲೂ ಕೋಷ್ಟಕವನ್ನು ಮೊದಲು ಪಾಟಿಯ ಮೇಲೆ ಬರೆಯಿಸಬೇಕು. ಶಿರೋನಾಮೆಗಳು ಕನ್ನಡದಲ್ಲಿಯೇ ಇರಲಿ. ಮಗುವಿಗೊಂದು ಗಣಕಯಂತ್ರ ಬೇಕೆಂದೇನಿಲ್ಲ. ಇಡೀ ತರಗತಿಗೆ ಒಂದೇ ಇದ್ದರೂ, ಒಬ್ಬರು ಅಂಕಿ ಒತ್ತಲಿ, ಉಳಿದವರು ಬಾಯಿಲೆಕ್ಕದಿಂದ ಉತ್ತರವನ್ನು ಊಹಿಸಿ ಕೂಗಲಿ. ಪರದೆಯ ಉತ್ತರ ಬೇರೆಯಾದರೆ ಯಾರದು ತಪ್ಪೆಂದು ಹುಡುಕಲಿ. ಸಂಜೆ ಅದೇ ಮಗುವಿನಿಂದ ಮನೆಯ ಹಾಲು, ತರಕಾರಿಯ ವಾರದ ಲೆಕ್ಕವನ್ನು ತಾಯಂದಿರು ಬರೆಯಿಸಬಹುದು.