'ಅದು' ಹೋಗಿ 'ಅವಳು' ಆಗಲಿ

ನಾಯಿಮರಿ ತರೋಣ ಅಂದ ಕೂಡಲೇ ಮನೆಯವರ ಮೊದಲ ಪ್ರಶ್ನೆ, 'ಗಂಡು ಮರಿ ತಾನೆ?' ಹೆಣ್ಣಾದ್ರೆ ಮರಿ ಹಾಕುತ್ತೆ, ರಗಳೆ ಅನ್ನೋ ಲೆಕ್ಕಾಚಾರ. ಹಾಗಾಗಿಯೇ ರಸ್ತೆಬದಿಯ ರಟ್ಟಿನ ಡಬ್ಬದಲ್ಲಿ ಎಷ್ಟೋ ಸಲ ಕೊನೆಗೆ ಉಳಿಯೋದು ಹೆಣ್ಣು ಮರಿಗಳು. ಅಂಥದ್ದೊಂದನ್ನು ನೀವು ಮನೆಗೆ ತಂದಿದ್ದೀರಾ? ಹೊಟ್ಟೆ ತುಂಬಿಸಿದ ಮೇಲೆ ಮೊದಲ ಕೆಲಸ, ಚೆಂದದ ಹೆಸರಿಡಿ. 'ಅದನ್ನ ಹೊರಗೆ ಕಟ್ಟು' ಅನ್ನುತ್ತಿದ್ದ ಅತ್ತೆಯವರೇ ಹೆಸರಿಟ್ಟ ನಾಲ್ಕು ದಿನಕ್ಕೆ 'ಅವಳು ಊಟ ಮಾಡಿದ್ಲಾ?' ಅಂತ ಕೇಳ್ತಾರೆ, ನೋಡಿ ಬೇಕಾದ್ರೆ.

ಇದೇನು ಹೊಸ ಫ್ಯಾಷನ್ ಅಲ್ಲ. ಗೋವಿನ ಹಾಡಿನ ಗೊಲ್ಲ ಹಸುಗಳನ್ನು ಕರೆಯುವುದೇ ಗಂಗೆ, ಗೌರಿ, ತುಂಗಭದ್ರೆ ಎಂದು. ಮೈಸೂರು ದಸರಾದಲ್ಲಿ ಅಂಬಾರಿ ಆನೆಯ ಅಕ್ಕಪಕ್ಕ ನಡೆದ ಹೆಣ್ಣಾನೆಗಳೂ ಕಾವೇರಿ, ವಿಜಯಾ. ನಾಯಿಗೆ ಮಾತ್ರ ಯಾಕೋ ಜೂಲಿ, ರೋಸಿ!

ನಮ್ಮಲ್ಲಿ ಹೆಸರಿಗೇನು ಬರ? ಕಂದು ಬಣ್ಣದವಳಾದರೆ ಕಪಿಲಾ. ಆ ಪದದ ಅರ್ಥವೇ ಕಂದು. ಕಬಿನಿ ನದಿಗೂ ಅದೇ ಹೆಸರಿದೆ. ಕಪ್ಪಗಿದ್ದರೆ ಶ್ಯಾಮಾ. ಮೈಮೇಲೆ ಮಚ್ಚೆ ಇದ್ದರೆ ಚುಕ್ಕಿ, ಚುಕ್ಕೆಯೂ ಹೌದು, ನಕ್ಷತ್ರವೂ ಹೌದು. ಬೆಳ್ಳಗಿರುವ ಬೆಕ್ಕಿಗೆ ಬೆಳ್ಳಿಗಿಂತ ಒಳ್ಳೆಯ ಹೆಸರು ನನಗಂತೂ ತೋಚದು. ಬೆಳಗಿನ ಜಾವ ಹೊಳೆಯುವ ಶುಕ್ರನಿಗೂ ನಮ್ಮ ಹಿರಿಯರು ಬೆಳ್ಳಿ ಅಂತಲೇ ಕರೆದರು. ಲಾವಣ್ಯ ಅನ್ನೋ ಹೆಸರು ಇನ್ನೂ ಮಜಾ. ಅದು ಹುಟ್ಟಿದ್ದು ಲವಣ, ಅಂದರೆ ಉಪ್ಪಿನಿಂದ! ಉಪ್ಪಿನ ರುಚಿಯಂಥ ಚೆಲುವು. ಆದರೆ ಗೇಟಿನ ಬಳಿ ನಿಂತು ಕೂಗುವಾಗ ಅದು 'ಲಾವೂ' ಆಗೋದು ಗ್ಯಾರಂಟಿ.

ಅದಕ್ಕೇ ಎರಡಕ್ಷರದ ಹೆಸರು ವಾಸಿ. ಕೊನೆಗೆ 'ಇ' ಇದ್ದರೆ 'ಮಲ್ಲೀ...' ಎಂದು ಎಳೆದು ಕೂಗಲು ಸಲೀಸು. 'ಕಮ್', 'ಸಿಟ್' ಅಂತ ಕಲಿಸುವ ಮನೆಯಲ್ಲಿ ಕಮಲಾ, ಸೀತೆ ಬೇಡ, ಪಾಪ, ಮರಿ ಗೊಂದಲಕ್ಕೆ ಬೀಳುತ್ತೆ. ಎದುರುಮನೆ ಸೊಸೆಯ ಹೆಸರನ್ನಂತೂ ಇಡಲೇಬೇಡಿ. 'ಏಯ್, ಬೊಗಳ್ಬೇಡ' ಅಂತ ನೀವು ಗದರಿದಾಗ ಅವರಿಗೆ ಹೇಗಾಗಬೇಡ?

ಬೆಕ್ಕಿಗೆ ಹೆಸರಿಟ್ಟರೆ ಏನು ಪ್ರಯೋಜನ ಅನ್ನುವವರಿಗೆ ಒಂದು ಸುದ್ದಿ. ಜಪಾನಿನ ಸಂಶೋಧಕಿ ಅತ್ಸುಕೋ ಸಾಯಿತೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮನೆಬೆಕ್ಕುಗಳು ಬೇರೆ ಮಾತುಗಳ ನಡುವೆಯೂ ತಮ್ಮ ಹೆಸರನ್ನು ಗುರುತಿಸುತ್ತವೆ. ಕರೆದರೂ ಬರೋದಿಲ್ಲ ಅನ್ನೋದು ಬೇರೆ ಮಾತು! ನಾಯಿಗಳ ಬಗ್ಗೆ 2016ರಲ್ಲಿ ಹಂಗೆರಿಯಲ್ಲಿ ನಡೆದ ಅಧ್ಯಯನ ಇನ್ನೂ ಸ್ವಾರಸ್ಯಕರ. ಹೊಗಳಿಕೆಯ ಮಾತು ಮತ್ತು ಅಕ್ಕರೆಯ ದನಿ ಎರಡೂ ಸೇರಿದಾಗಲೇ ಅವುಗಳ ಮಿದುಳಿನಲ್ಲಿ ಖುಷಿಯ ಭಾಗ ಚುರುಕಾಯಿತಂತೆ. ಹಾಗಾಗಿ ಬೈಯುವಾಗ ಹೆಸರು ಹಿಡಿದು ಬೈಯಬೇಡಿ. ಊಟ ಹಾಕುವಾಗ, ತಲೆ ನೇವರಿಸುವಾಗ ಹೆಸರು ಹೇಳಿ. ಮನೆಮಂದಿಯೆಲ್ಲ ಒಂದೇ ಹೆಸರಿನಿಂದ ಕರೆಯಿರಿ.

ಹೆಸರು ಗೊತ್ತಾಯಿತಲ್ಲ, ಇನ್ನು ಪಶುವೈದ್ಯರ ಬಳಿ ಕರೆದೊಯ್ದು ಲಸಿಕೆ ಕಾರ್ಡಿನಲ್ಲಿ ಅದನ್ನೇ ಬರೆಸಿ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಮರಿ ಹಾಕುವ ರಗಳೆ ಅಂದಿದ್ದರಲ್ಲ ಯಜಮಾನರು, ಅದಕ್ಕೂ ದಾರಿಯಿದೆ. ಆರು ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬೇಕೆಂದು ವೈದ್ಯರನ್ನು ಕೇಳಿ. ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯಿಂದಲೂ ನಿಮ್ಮ ಚುಕ್ಕಿ ಪಾರಾಗುತ್ತಾಳೆ.