ಮುಂದೆ ಮೂವರೋ, ನಾಲ್ವರೋ? ಕಾಲೇಜ್ ಫುಟ್‌ಬಾಲ್‌ನ ಡಿಫೆನ್ಸ್ ಲೆಕ್ಕ

ಅಮೆರಿಕದ ಟೀಮ್ ಜೊತೆ ಸೋಮವಾರ ಸಂಜೆ ಕಾಲ್ ಇದ್ರೆ, ಮೊದಲ ಐದು ನಿಮಿಷ ಶನಿವಾರದ ಕಾಲೇಜ್ ಫುಟ್‌ಬಾಲ್ ಮಾತು. ಯಾರೋ "ತ್ರೀ-ತ್ರೀ-ಫೈವ್" ಅಂತಾರೆ, ನಾವು ಮ್ಯೂಟ್‌ನಲ್ಲಿ ಸುಮ್ಮನೆ ಕೂತಿರ್ತೀವಿ. ಆ ನಂಬರ್‌ಗಳ ಅರ್ಥ ಏನು, ಕೋಚ್ ಅದನ್ನ ಹೇಗೆ ಆರಿಸ್ತಾರೆ ಅಂತ ಇವತ್ತು ನೋಡೋಣ.

ಇದು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ತಡೆಯುವ ಕಡೆ 11 ಜನ. ಮುಂದೆ ದಢೂತಿ ಲೈನ್‌ಮನ್‌ಗಳು, ಅವರ ಹಿಂದೆ ಲೈನ್‌ಬ್ಯಾಕರ್‌ಗಳು, ಕೊನೆಯಲ್ಲಿ ಚುರುಕಾಗಿ ಓಡುವ ಡಿಫೆನ್ಸಿವ್ ಬ್ಯಾಕ್‌ಗಳು. 4-3 ಅಂದ್ರೆ ಮುಂದೆ 4, ಮಧ್ಯೆ 3, ಉಳಿದ 4 ಹಿಂದೆ. 3-3-5 ಅಂದ್ರೆ ಮುಂದೆ ಒಬ್ಬ ಕಡಿಮೆ, ಹಿಂದೆ ಒಬ್ಬ ಜಾಸ್ತಿ. ಹೆಡ್‌ಕೌಂಟ್ ಹೆಚ್ಚೋದಿಲ್ಲ. ಒಂದು ಕಡೆ ಗಟ್ಟಿ ಮಾಡಿದ್ರೆ ಇನ್ನೊಂದು ಕಡೆ ತೆಳು.

ಮೊದಲು ಮೈದಾನ ನೋಡಿ. ಅಗಲ 160 ಅಡಿ. ಚೆಂಡು ಎಲ್ಲೇ ನಿಂತಿರಲಿ, ಮುಂದಿನ ಆಟ ಶುರುವಾಗೋದು ಎರಡು ಹ್ಯಾಷ್ ಗುರುತುಗಳ ನಡುವೆಯೇ. ಎನ್‌ಎಫ್‌ಎಲ್‌ನಲ್ಲಿ ಅವುಗಳ ಅಂತರ ಹದಿನೆಂಟೂವರೆ ಅಡಿ, ಕಾಲೇಜಲ್ಲಿ 40 ಅಡಿ. ಚೆಂಡು ಒಂದು ಗುರುತಿನ ಮೇಲಿದ್ರೆ ಆ ಕಡೆ ಅಂಚಿನವರೆಗೆ 100 ಅಡಿ ಬಯಲು. ಅದನ್ನ ಕಾಯೋಕೆ ತೂಕಕ್ಕಿಂತ ಓಟ ಮುಖ್ಯ.

ಎರಡನೇದು, ಕೈಯಲ್ಲಿರೋ ಹುಡುಗರು. ಭಾರೀ ಮೈ, ಜೊತೆಗೆ ವೇಗ ಇರೋ ಲೈನ್‌ಮನ್ ಅಪರೂಪ. ಅಂಥವರು ಅಲಬಾಮಾ, ಒಹಾಯೊ ಸ್ಟೇಟ್ ಥರದ ದೊಡ್ಡ ಹೆಸರಿನ ಕಡೆಗೇ ಹೋಗ್ತಾರೆ. ಉಳಿದ ಕೋಚ್‌ಗಳು ಅವರ ಸ್ಕೀಮ್ ಹಾಗೇ ಕಾಪಿ ಮಾಡಿದ್ರೆ, ಬೆಲೆ ತೆರೋದು ಕೆಲವೇ ಸೀಸನ್ ಆಡೋಕೆ ಸಿಗುವ ಹುಡುಗರು.

ಮೂರನೇದು, ಎದುರಾಳಿ. ಅಯೋವಾ ಸ್ಟೇಟ್ ಆಡುತ್ತಿದ್ದ ಬಿಗ್ 12ರಲ್ಲಿ ಚೆಂಡು ಎಸೆಯುವ ಟೀಮ್‌ಗಳೇ ಜಾಸ್ತಿ. 2017ರಲ್ಲಿ ಅದರ ಡಿಫೆನ್ಸ್ ಕೋಚ್ ಜಾನ್ ಹೀಕಾಕ್ ಮುಂದೆ ಮೂವರನ್ನೇ ಇಟ್ಟು, ಹಿಂದೆ ಮೂವರು ಸೇಫ್ಟಿಗಳನ್ನ ನಿಲ್ಲಿಸೋಕೆ ಶುರು ಮಾಡಿದ್ರು. ಅಕ್ಟೋಬರ್ 7ರಂದು ಅಯೋವಾ ಸ್ಟೇಟ್, 3ನೇ ರ್‍ಯಾಂಕ್‌ನ ಒಕ್ಲಹೋಮಾವನ್ನ ಅವರದೇ ಮೈದಾನದಲ್ಲಿ 38-31ರಿಂದ ಸೋಲಿಸಿತು. ಎದುರಿದ್ದ ಕ್ವಾರ್ಟರ್‌ಬ್ಯಾಕ್ ಆ ವರ್ಷದ ಹೈಸ್ಮನ್ ಪ್ರಶಸ್ತಿ ಗೆದ್ದ ಬೇಕರ್ ಮೇಫೀಲ್ಡ್! ಅಯೋವಾ ಸ್ಟೇಟ್‌ನ ಲೈನ್‌ಬ್ಯಾಕರ್ ಜೋಯಲ್ ಲ್ಯಾನಿಂಗ್ ಹಿಂದಿನ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು.

ಹಾಗಂತ ಇದು ಪುಕ್ಕಟೆ ಅಲ್ಲ, 31 ಪಾಯಿಂಟ್ ಕೊಟ್ಟೇ ಗೆದ್ದಿದ್ದು. ಮುಂದೆ ಮೂವರೇ ಇದ್ದಾಗ ನಡುವೆ ನುಗ್ಗಿ ಓಡೋದು ಸುಲಭ. ನಾಲ್ಕು ಪ್ರಯತ್ನದಲ್ಲಿ 10 ಗಜ ಹೋಗಬೇಕು ಅನ್ನೋದು ಆಟದ ನಿಯಮ. ಹಾಗಾಗಿ ಮೂರ್ನಾಲ್ಕು ಗಜ ಕೊಟ್ಟರೂ ಪರವಾಗಿಲ್ಲ, ಒಂದೇ ಏಟಿಗೆ ನಲವತ್ತು ಗಜ ಕೊಡಬಾರದು ಅನ್ನೋದೇ ಇದರ ಲೆಕ್ಕ.

ಮುಂದಿನ ಸಲ ಮ್ಯಾಚ್ ಕ್ಲಿಪ್ ನೋಡುವಾಗ, ಚೆಂಡು ಕದಲುವ ಮುಂಚೆ ಮುಂದಿನ ಸಾಲಲ್ಲಿ ಎಷ್ಟು ಜನ ಬಗ್ಗಿ ಕೂತಿದ್ದಾರೆ ಎಣಿಸಿ. ಸೋಮವಾರದ ಕಾಲ್‌ನಲ್ಲಿ ಅನ್‌ಮ್ಯೂಟ್ ಮಾಡೋಕೆ ಅಷ್ಟು ಸಾಕು.