ತೋರುವುದು ಮತ್ತು ಇರುವುದು: ಕೈಗಾರಿಕಾ ಪ್ರಕ್ರಿಯಾ ನಿಯಂತ್ರಣದಲ್ಲಿ ದೋಷ ಶೋಧನೆಯ ವಿಧಾನ

1

ಸಕ್ಕರೆ ಕಾರ್ಖಾನೆ, ತೈಲ ಶುದ್ಧೀಕರಣಾಗಾರ, ಉಷ್ಣ ವಿದ್ಯುತ್ ಸ್ಥಾವರ, ಕುಡಿಯುವ ನೀರಿನ ಘಟಕ ಇವುಗಳಲ್ಲಿ ನಡೆಯುವ ಕೆಲಸಗಳು ಬೇರೆ ಬೇರೆಯಾದರೂ ಅವೆಲ್ಲಕ್ಕೂ ಸಮಾನವಾದ ಲಕ್ಷಣವೊಂದಿದೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತವನು ತಾನು ನಿಯಂತ್ರಿಸುವ ವಸ್ತುವನ್ನು ಕಣ್ಣಾರೆ ಕಾಣುವುದಿಲ್ಲ. ಬಾಯ್ಲರಿನೊಳಗಿನ ನೀರು, ಕೊಳವೆಯೊಳಗಿನ ಆವಿ, ಗೋಪುರದೊಳಗಿನ ದ್ರವ ಇವು ಅವನ ಪಾಲಿಗೆ ಪರದೆಯ ಮೇಲಿನ ಕೆಲವು ಅಂಕಿಗಳು ಮಾತ್ರ. ಆ ಅಂಕಿಗಳನ್ನು ಓದಿ, ಅರ್ಥೈಸಿ, ಅದಕ್ಕನುಗುಣವಾಗಿ ಅವನು ಕ್ರಮ ಕೈಗೊಳ್ಳುತ್ತಾನೆ. ಓದು ತಪ್ಪಿದರೆ ಕ್ರಮವೂ ತಪ್ಪುತ್ತದೆ. ಕೆಲವೊಮ್ಮೆ ಪ್ರಾಣಹಾನಿಯೂ ಆಗುತ್ತದೆ.

ಈ ಓದಿನಲ್ಲಿ ಸಂದೇಹ ಬಂದಾಗ ತಂತ್ರಜ್ಞರು ದೋಷವನ್ನು ಹುಡುಕುವ ವಿಧಾನವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯ ತಾಂತ್ರಿಕವಾದುದಾದರೂ ಅದರ ಒಳತಿರುಳು ಭಾಷೆಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದಕನೂ ಉಪಕರಣಗಳ ಸಾಕ್ಷ್ಯವನ್ನು ತೂಗಿ ನೋಡುವ ತಂತ್ರಜ್ಞನೂ ಹಲವು ಹೆಜ್ಜೆಗಳನ್ನು ಒಟ್ಟಿಗೇ ಇಡುತ್ತಾರೆ. ಅಲ್ಲದೆ ಕಾರ್ಖಾನೆಯ ಕನ್ನಡದ ಬಗೆಗೆ ಕನ್ನಡ ವಿಭಾಗಗಳು ಯೋಚಿಸಬೇಕಾದ ಪ್ರಶ್ನೆಯೊಂದು ಇದರೊಳಗೇ ಅಡಗಿದೆ.

2

ಮೊದಲಿಗೆ ನಿಯಂತ್ರಣ ವ್ಯವಸ್ಥೆಯ ಸ್ವರೂಪವನ್ನು ಸ್ಥೂಲವಾಗಿ ತಿಳಿಯಬಹುದು. ಒಂದು ತೊಟ್ಟಿಯಲ್ಲಿ ನೀರಿನ ಮಟ್ಟವನ್ನು ಅರ್ಧಕ್ಕೆ ನಿಲ್ಲಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ತೊಟ್ಟಿಯ ಬಳಿ ಇರುವ ಟ್ರಾನ್ಸ್‌ಮಿಟರ್ ಎಂಬ ಉಪಕರಣ ಮಟ್ಟವನ್ನು ಅಳೆದು ಅದನ್ನು ವಿದ್ಯುತ್ ಸಂಕೇತವಾಗಿ ಕಳುಹಿಸುತ್ತದೆ. ನಿಯಂತ್ರಕವು ಈ ಸಂಕೇತವನ್ನು ಬೇಕಾದ ಮಟ್ಟದೊಂದಿಗೆ ಹೋಲಿಸಿ, ವ್ಯತ್ಯಾಸಕ್ಕೆ ತಕ್ಕಂತೆ ಕಂಟ್ರೋಲ್ ವಾಲ್ವಿಗೆ ಆದೇಶ ನೀಡುತ್ತದೆ. ವಾಲ್ವ್ ಚಲಿಸಿದಾಗ ನೀರಿನ ಹರಿವು ಬದಲಾಗುತ್ತದೆ, ಮಟ್ಟ ಬದಲಾಗುತ್ತದೆ, ಟ್ರಾನ್ಸ್‌ಮಿಟರ್ ಅದನ್ನು ಮತ್ತೆ ಅಳೆಯುತ್ತದೆ. ಹೀಗೆ ಸುತ್ತು ಪೂರ್ಣಗೊಳ್ಳುವುದರಿಂದ ಇದಕ್ಕೆ ಲೂಪ್ ಎಂದು ಹೆಸರು.

ಈ ಸಂಕೇತಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಮಾಣವೆಂದರೆ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ಪ್ರವಾಹ. ತೊಟ್ಟಿ ಬರಿದಾಗಿದ್ದರೆ 4, ಅರ್ಧ ತುಂಬಿದ್ದರೆ 12, ಪೂರ್ಣ ತುಂಬಿದ್ದರೆ 20. ಬರಿದಾದ ತೊಟ್ಟಿಗೆ ಸೊನ್ನೆಯನ್ನೇ ಸಂಕೇತವಾಗಿ ಇಡದೆ 4ನ್ನು ಇಟ್ಟಿರುವುದೇಕೆ ಎಂಬ ಪ್ರಶ್ನೆ ಸಹಜ. ಸೊನ್ನೆಯನ್ನು ಇಟ್ಟಿದ್ದರೆ, ತಂತಿ ತುಂಡಾದಾಗಲೂ ತೊಟ್ಟಿ ಬರಿದಾದಾಗಲೂ ಒಂದೇ ಸಂಕೇತ ಬರುತ್ತಿತ್ತು. ‘ಏನೂ ಇಲ್ಲ’ ಎಂಬ ಹೇಳಿಕೆಗೂ ಹೇಳಿಕೆಯೇ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಈ 4 ಮಿಲಿಆಂಪಿಯರ್ ಕಾಯುತ್ತದೆ. ಹಿಂದೆ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತಿದ್ದ ಉಪಕರಣಗಳಲ್ಲಿಯೂ ಚದರ ಅಂಗುಲಕ್ಕೆ 3ರಿಂದ 15 ಪೌಂಡ್ ಎಂಬ ಪ್ರಮಾಣವಿದ್ದುದು ಇದೇ ಕಾರಣಕ್ಕೆ.

3

ಪರದೆಯ ಮೇಲಿನ ಅಂಕಿ ಸಂದೇಹಾಸ್ಪದವಾಗಿ ಕಂಡಾಗ ಅನುಭವಿ ತಂತ್ರಜ್ಞನು ಕೂಡಲೇ ಯಾವುದನ್ನೂ ಬಿಚ್ಚುವುದಿಲ್ಲ. ಮೊದಲು ಅಂಕಿಯ ಇತಿಹಾಸವನ್ನು ನೋಡುತ್ತಾನೆ. ಜೀವಂತ ಪ್ರಕ್ರಿಯೆಯೊಂದರ ಅಳತೆ ಸದಾ ಅಲ್ಪಸ್ವಲ್ಪ ಕಂಪಿಸುತ್ತಿರುತ್ತದೆ. ಗಂಟೆಗಟ್ಟಲೆ ಗೆರೆ ಎಳೆದಂತೆ ನೇರವಾಗಿರುವ ಅಂಕಿ ಸ್ಥಿರತೆಯ ಗುರುತಲ್ಲ. ಒತ್ತಡವನ್ನು ಉಪಕರಣಕ್ಕೆ ಮುಟ್ಟಿಸುವ ಸಣ್ಣ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಒಂದೇ ಕ್ಷಣದಲ್ಲಿ ಮೇಲಿನ ತುದಿಗೋ ಕೆಳಗಿನ ತುದಿಗೋ ಜಿಗಿದ ಅಂಕಿಯೂ ಸಂದೇಹಕ್ಕೆ ಅರ್ಹ. ದೊಡ್ಡ ತೊಟ್ಟಿಯೊಂದು ಒಂದು ಸೆಕೆಂಡಿನಲ್ಲಿ ತುಂಬುವುದಾಗಲಿ ಬರಿದಾಗುವುದಾಗಲಿ ಸಾಧ್ಯವಿಲ್ಲವಾದ್ದರಿಂದ ಅಲ್ಲಿ ಬದಲಾದದ್ದು ಮಟ್ಟವಲ್ಲ, ಸಂಕೇತ.

ಎರಡನೆಯ ಹೆಜ್ಜೆ ಬೇರೆ ಸಾಕ್ಷಿಗಳನ್ನು ಕರೆಯುವುದು. ಇಲ್ಲಿ ಗ್ರಂಥಸಂಪಾದನೆಯ ತತ್ತ್ವವೊಂದು ಯಥಾವತ್ತಾಗಿ ಅನ್ವಯಿಸುತ್ತದೆ. ಒಂದೇ ಮಾತೃಕೆಯಿಂದ ಇಳಿದುಬಂದ ಐದು ಪ್ರತಿಗಳು ಒಂದೇ ಪಾಠವನ್ನು ಹೇಳಿದರೂ ಅವು ಐದು ಸಾಕ್ಷಿಗಳಾಗುವುದಿಲ್ಲ, ಒಂದೇ ಸಾಕ್ಷಿಯಾಗುತ್ತವೆ. ಅದೇ ರೀತಿ ಕೊಠಡಿಯ ಪರದೆ, ದಾಖಲೆಯ ನಕ್ಷೆ, ಮೇಲಧಿಕಾರಿಯ ಕಂಪ್ಯೂಟರ್ ಈ ಮೂರೂ ಒಂದೇ ಟ್ರಾನ್ಸ್‌ಮಿಟರಿನಿಂದ ಸಂಕೇತ ಪಡೆಯುತ್ತಿದ್ದರೆ, ಮೂರು ಕಡೆ ಒಂದೇ ಅಂಕಿ ಇರುವುದರಿಂದ ಏನೂ ಸಿದ್ಧವಾಗುವುದಿಲ್ಲ. ತೊಟ್ಟಿಯ ಪಕ್ಕದಲ್ಲಿರುವ ಗಾಜಿನ ಕೊಳವೆಯಲ್ಲಿ ಮಟ್ಟವನ್ನು ನೇರವಾಗಿ ನೋಡಿ ಬಂದರೆ ಅದು ಸ್ವತಂತ್ರ ಸಾಕ್ಷಿ. ಒಳಗೆ ಬಂದ ನೀರೆಷ್ಟು, ಹೊರಗೆ ಹೋದ ನೀರೆಷ್ಟು ಎಂದು ಲೆಕ್ಕ ಹಾಕಿದರೆ ಅದೂ ಸ್ವತಂತ್ರ ಸಾಕ್ಷಿ.

ಮೂರನೆಯ ಹೆಜ್ಜೆ ಸರಪಳಿಯನ್ನು ನಡುವೆ ಕತ್ತರಿಸಿ ನೋಡುವುದು. ಟ್ರಾನ್ಸ್‌ಮಿಟರನ್ನು ಬೇರ್ಪಡಿಸಿ ಅದರ ಸ್ಥಾನದಲ್ಲಿ 12 ಮಿಲಿಆಂಪಿಯರ್ ಪ್ರವಾಹವನ್ನು ಕೃತಕವಾಗಿ ಹರಿಸಿದಾಗ ಪರದೆ ಶೇಕಡ 50 ತೋರಿಸಿದರೆ ಅಲ್ಲಿಂದ ಪರದೆಯವರೆಗಿನ ಭಾಗ ನಿರ್ದೋಷ. ದೋಷವಿರುವುದು ಟ್ರಾನ್ಸ್‌ಮಿಟರಿನಲ್ಲಿ ಅಥವಾ ಅದಕ್ಕಿಂತ ಹಿಂದೆ. ಪ್ಲಾಟಿನಂ ತಂತಿಯ ಉಷ್ಣಮಾಪಕವಾದರೆ ಅದರ ವಿದ್ಯುತ್ ರೋಧವನ್ನು ಅಳೆಯಬಹುದು. ಬಳಕೆಯಲ್ಲಿರುವ ಸಾಮಾನ್ಯ ಮಾದರಿಯಲ್ಲಿ 0 ಡಿಗ್ರಿ ಸೆಲ್ಸಿಯಸ್‌ಗೆ 100 ಓಮ್, 100 ಡಿಗ್ರಿಗೆ ಸುಮಾರು 138.5 ಓಮ್ ಇರಬೇಕು. ಮಟ್ಟವೋ ಹರಿವೋ ಏರಿಳಿಯುತ್ತಲೇ ಇದ್ದರೆ ನಿಯಂತ್ರಕವನ್ನು ಸ್ವಯಂಚಾಲನೆಯಿಂದ ತೆಗೆದು ಕೈಚಾಲನೆಗೆ ತರಲಾಗುತ್ತದೆ. ಏರಿಳಿತ ನಿಂತರೆ ಅದರ ಮೂಲ ಲೂಪಿನ ಒಳಗಿದೆ. ನಿಲ್ಲದಿದ್ದರೆ ಹೊರಗಿನಿಂದ ಬರುತ್ತಿದೆ. ಇಂತಹ ಪ್ರತಿಯೊಂದು ಪರೀಕ್ಷೆಗೂ ಮೊದಲು ಆ ಲೂಪನ್ನು ನಂಬಿ ನಡೆಯುವ ಸುರಕ್ಷಾ ವ್ಯವಸ್ಥೆ ಯಾವುದು ಎಂಬುದನ್ನು ತಿಳಿದು, ಅನುಮತಿ ಪಡೆದು, ಕೊಠಡಿಯವರಿಗೆ ತಿಳಿಸುವುದು ಕಡ್ಡಾಯ. ಇಲ್ಲದಿದ್ದರೆ ಪರೀಕ್ಷೆಯ ಸಂಕೇತವನ್ನೇ ನಿಜವೆಂದು ಬಗೆದು ಯಂತ್ರ ಚಲಿಸೀತು.

4

ತೋರುವುದಕ್ಕೂ ಇರುವುದಕ್ಕೂ ನಡುವಿನ ಅಂತರವನ್ನು ಮರೆತುದರ ಪರಿಣಾಮವನ್ನು ಎರಡು ಪ್ರಸಿದ್ಧ ಅವಘಡಗಳು ತಿಳಿಸುತ್ತವೆ.

ಮೊದಲನೆಯದು 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಪರಮಾಣು ಸ್ಥಾವರದಲ್ಲಿ ನಡೆದುದು. ಬೆಳಗಿನ ಜಾವ ಒತ್ತಡ ಇಳಿಸುವ ವಾಲ್ವೊಂದು ತೆರೆದುಕೊಂಡು ಮತ್ತೆ ಮುಚ್ಚದೆ ಸಿಕ್ಕಿಕೊಂಡಿತು. ಆದರೆ ನಿಯಂತ್ರಣ ಫಲಕದ ದೀಪ ಅದು ಮುಚ್ಚಿದೆಯೆಂಬ ಭಾವನೆಯನ್ನು ಮೂಡಿಸಿತು. ಆ ದೀಪ ವಾಲ್ವಿನ ನಿಜಸ್ಥಿತಿಗೆ ಜೋಡಿಸಿದುದಾಗಿರಲಿಲ್ಲ. ಮುಚ್ಚಬೇಕೆಂಬ ವಿದ್ಯುತ್ ಆದೇಶ ಹೋಗಿದೆಯೇ ಎಂಬುದನ್ನು ಮಾತ್ರ ಅದು ಹೇಳುತ್ತಿತ್ತು. ವಾಲ್ವಿನ ಆಚೆಗಿನ ಕೊಳವೆಯ ಉಷ್ಣತೆ ಹೆಚ್ಚಾಗಿದ್ದುದು ಸ್ವತಂತ್ರ ಸಾಕ್ಷಿಯಾಗಿ ಲಭ್ಯವಿತ್ತು. ಆ ವಾಲ್ವ್ ಮೊದಲಿನಿಂದಲೂ ಸ್ವಲ್ಪ ಸೋರುತ್ತಿದ್ದುದರಿಂದ ಆ ಸಾಕ್ಷ್ಯಕ್ಕೆ ಮನ್ನಣೆ ದೊರೆಯಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಶೀತಕ ನೀರು ಹೊರಗೆ ಹೋಯಿತು. ರಿಯಾಕ್ಟರಿನ ಇಂಧನ ಭಾಗದ ಸುಮಾರು ಅರ್ಧದಷ್ಟು ಕರಗಿತು.

ಎರಡನೆಯದು 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿಯ ಬಿಪಿ ತೈಲ ಶುದ್ಧೀಕರಣಾಗಾರದಲ್ಲಿ ಸಂಭವಿಸಿತು. 170 ಅಡಿ ಎತ್ತರದ ಗೋಪುರವೊಂದನ್ನು ಚಾಲನೆಗೊಳಿಸುವಾಗ ಅದರೊಳಗೆ ದ್ರವ ತುಂಬುತ್ತಲೇ ಇತ್ತು. ಹೊರಹೋಗುವ ದಾರಿ ಮುಚ್ಚಿತ್ತು. ಮಟ್ಟವನ್ನು ಅಳೆಯುವ ಉಪಕರಣದ ವ್ಯಾಪ್ತಿ ತಳದ 9 ಅಡಿಗಳೊಳಗಿನ 5 ಅಡಿ ಮಾತ್ರ. ಅದು ದ್ರವದಲ್ಲಿ ಮುಳುಗಿದ ಕಾಯದ ಮೇಲಿನ ಪ್ಲವನ ಬಲದಿಂದ ಮಟ್ಟವನ್ನು ತಿಳಿಯುವ ಬಗೆಯದು. ಕಾಯ ಪೂರ್ತಿ ಮುಳುಗಿದ ಮೇಲೆ ಮಟ್ಟ ಎಷ್ಟೇ ಏರಿದರೂ ಅದಕ್ಕೆ ತಿಳಿಯುವಂತಿಲ್ಲ. ಬದಲಾಗಿ, ದ್ರವವನ್ನು ಕಾಯಿಸಿದಂತೆ ಅದರ ಸಾಂದ್ರತೆ ಕುಗ್ಗಿ, ಪ್ಲವನ ಬಲ ಕುಗ್ಗಿ, ಮಟ್ಟ ಇಳಿಯುತ್ತಿದೆಯೆಂಬ ಸಂಕೇತ ಹೊರಟಿತು. ಸಾಲದೆಂಬಂತೆ ಉಪಕರಣವನ್ನು ಹೊಂದಿಸುವಾಗ ಬಳಸಿದ ಸಾಂದ್ರತೆಯ ಬೆಲೆಯೂ ಸರಿಯಾದುದಾಗಿರಲಿಲ್ಲ. ಪರದೆ ಸುಮಾರು 8 ಅಡಿ ಎನ್ನುತ್ತಿದ್ದಾಗ ದ್ರವ 158 ಅಡಿ ಏರಿತ್ತು.

ಅಲ್ಲಿ ಬೇರೆ ಸಾಕ್ಷಿಗಳಿರಲಿಲ್ಲವೆ? ಇದ್ದುವು. ಆದರೆ ಪ್ರತ್ಯೇಕವಾದ ಎರಡನೆಯ ಎಚ್ಚರಿಕೆಯ ಗಂಟೆ ಕೆಟ್ಟಿತ್ತು. ಗಾಜಿನ ಕೊಳವೆ ಕೊಳೆಗಟ್ಟಿ ಓದಲು ಬಾರದಂತಿತ್ತು. ಒಳಹರಿವಿನ ಅಂಕಿ ಒಂದು ಪರದೆಯಲ್ಲಿ, ಹೊರಹರಿವಿನ ಅಂಕಿ ಮತ್ತೊಂದು ಪರದೆಯಲ್ಲಿ ಇದ್ದುದರಿಂದ ಎರಡನ್ನೂ ಕೂಡಿಸಿ ಲೆಕ್ಕ ನೋಡುವುದು ಸುಲಭವಾಗಿರಲಿಲ್ಲ. ರಾತ್ರಿ ಪಾಳಿಯವರು ಎಷ್ಟು ತುಂಬಿದ್ದಾರೆ, ಏನು ಉಳಿದಿದೆ ಎಂಬುದು ದಿನಚರಿ ಪುಸ್ತಕದ ಒಂದೇ ಸಾಲಿನ ಟಿಪ್ಪಣಿಯಿಂದ ಹಗಲು ಪಾಳಿಯವರಿಗೆ ಸ್ಪಷ್ಟವಾಗಲಿಲ್ಲ. ಮಧ್ಯಾಹ್ನ 1 ಗಂಟೆ 20 ನಿಮಿಷಕ್ಕೆ ಸ್ಫೋಟ ಸಂಭವಿಸಿತು. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಅಮೆರಿಕದ ರಾಸಾಯನಿಕ ಸುರಕ್ಷಾ ಮಂಡಳಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ಉಪಕರಣಗಳ ದೋಷದ ಜೊತೆಗೆ ಪಾಳಿ ಬದಲಾಗುವಾಗಿನ ಸಂವಹನದ ಕೊರತೆಯನ್ನೂ ಕಾರಣಗಳ ಸಾಲಿನಲ್ಲಿ ಸೇರಿಸಿರುವುದು ಗಮನಾರ್ಹ.

5

ಒಂದು ಸಾಲಿನ ಟಿಪ್ಪಣಿ ಎಂಬಲ್ಲಿಗೆ ಬಂದಾಗ ವಿಷಯ ನಮ್ಮ ಅಂಗಳಕ್ಕೆ ಬರುತ್ತದೆ. ಕರ್ನಾಟಕದ ಕಾರ್ಖಾನೆಗಳಲ್ಲಿ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದರೂ ಪಾಳಿಯಿಂದ ಪಾಳಿಗೆ ಬಾಯಿಮಾತಿನಲ್ಲಿ ದಾಟುವ ವಿವರ ಬಹುಮಟ್ಟಿಗೆ ಕನ್ನಡದಲ್ಲಿರುತ್ತದೆ. ‘ಲೈನ್ ಚೋಕ್ ಆಗಿದೆ’, ‘ವಾಲ್ವ್ ಜಾಮ್ ಆಗಿದೆ’, ‘ಪಂಪ್ ಟ್ರಿಪ್ ಆಯಿತು’ ಎಂಬಂತಹ ವಾಕ್ಯಗಳಲ್ಲಿ ನಾಮಪದ ಇಂಗ್ಲಿಷಿನದಾದರೂ ಅರ್ಥದ ಭಾರವನ್ನು ಹೊರುವುದು ಕನ್ನಡದ ಕ್ರಿಯಾಪದ. ಎರವಲು ಪದಗಳ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅಪಾಯವಿರುವುದು ಅಲ್ಲಲ್ಲ, ಕ್ರಿಯಾಪದದಲ್ಲಿ ಎಂಬುದನ್ನು ಮೂರು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು.

ಮೊದಲನೆಯದಾಗಿ, ‘ಆಗು’ ಧಾತು ಕರ್ತೃವನ್ನು ಮರೆಮಾಡುತ್ತದೆ. ‘ಅಲಾರಂ ಬೈಪಾಸ್ ಆಗಿದೆ’ ಎಂದಾಗ ಅದು ತಾನಾಗಿ ಆದುದೋ ಯಾರಾದರೂ ಮಾಡಿದುದೋ ತಿಳಿಯುವುದಿಲ್ಲ. ಮಾಡಿದವರಾರು, ಯಾವಾಗ, ಎಲ್ಲಿಯವರೆಗೆ ಎಂಬ ಪ್ರಶ್ನೆಗಳೂ ಏಳುವುದಿಲ್ಲ. ‘ಬೈಪಾಸ್ ಮಾಡಿದ್ದೇವೆ’ ಎಂಬ ವಾಕ್ಯದಲ್ಲಿ ಈ ಪ್ರಶ್ನೆಗಳಿಗೆ ಎಡೆಯಿದೆ.

ಎರಡನೆಯದಾಗಿ, ‘ಇದೆ’ ಮತ್ತು ‘ತೋರಿಸುತ್ತಿದೆ’ ಎಂಬ ರೂಪಗಳ ಭೇದ. ‘ಮಟ್ಟ ಅರವತ್ತು ಇದೆ’ ಎಂಬುದು ತೊಟ್ಟಿಯ ಬಗೆಗಿನ ಹೇಳಿಕೆ. ‘ಮಟ್ಟ ಅರವತ್ತು ತೋರಿಸುತ್ತಿದೆ’ ಎಂಬುದು ಉಪಕರಣದ ಬಗೆಗಿನ ಹೇಳಿಕೆ. ಎರಡನೆಯ ವಾಕ್ಯವನ್ನು ಕೇಳಿದವನು ಒಮ್ಮೆ ಹೋಗಿ ನೋಡಿಬರಲು ಮನಸ್ಸು ಮಾಡಬಹುದು. ಮೊದಲನೆಯದನ್ನು ಕೇಳಿದವನಿಗೆ ಅದರ ಅಗತ್ಯವೇ ತೋರದು.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ‘ವಾಲ್ವ್ ಮುಚ್ಚಿದೆ’ ಎಂಬ ಬರವಣಿಗೆಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಉತ್ತಮಪುರುಷ ಏಕವಚನದ ಭೂತಕಾಲ ರೂಪವಾಗಿ ‘ನಾನು ಮುಚ್ಚಿದೆ’ ಎಂಬುದು ಒಂದು. ನಪುಂಸಕಲಿಂಗದಲ್ಲಿ ‘ಅದು ಮುಚ್ಚಿದ ಸ್ಥಿತಿಯಲ್ಲಿದೆ’ ಎಂಬುದು ಇನ್ನೊಂದು. ವಾಲ್ವ್ ಅಚೇತನ ವಸ್ತುವಾದ್ದರಿಂದ ದ್ವಿತೀಯಾ ವಿಭಕ್ತಿ ಪ್ರತ್ಯಯ ಲೋಪವಾಗುವುದು ಸಹಜ. ಕರ್ತೃಪದವೂ ಬಿಟ್ಟುಹೋಗುವುದು ವಾಡಿಕೆ. ಹೀಗಾಗಿ ದಿನಚರಿಯಲ್ಲಿ ಈ ಎರಡು ಪದಗಳನ್ನು ಓದಿದವನಿಗೆ ಅದು ಮಾಡಿದ ಕ್ರಿಯೆಯೋ ಕಂಡ ಸ್ಥಿತಿಯೋ ನಿರ್ಧರಿಸಲಾಗದು. ತ್ರೀ ಮೈಲ್ ಐಲ್ಯಾಂಡಿನ ದೀಪ ಹುಟ್ಟಿಸಿದ ಗೊಂದಲವೂ ಇದೇ ಅಲ್ಲವೆ? ಆದೇಶವನ್ನು ಸ್ಥಿತಿಯೆಂದು ಅಲ್ಲಿ ಓದಲಾಯಿತು. ನಿಲ್ಲಿಸಿದೆ, ಬದಲಾಯಿಸಿದೆ, ಜೋಡಿಸಿದೆ, ಪರೀಕ್ಷಿಸಿದೆ ಮುಂತಾದ ರೂಪಗಳಲ್ಲಿಯೂ ಈ ದ್ವಂದ್ವಾರ್ಥವಿದೆ. ‘ತೆರೆ’ ಧಾತುವಿನಲ್ಲಾದರೋ ‘ತೆರೆದೆ’, ‘ತೆರೆದಿದೆ’ ಎಂದು ರೂಪಗಳು ಬೇರ್ಪಡುವುದರಿಂದ ಗೊಂದಲವಿಲ್ಲ. ‘ಮುಚ್ಚಿದೆನು, ಮುಚ್ಚಿರುವುದನ್ನು ಹೋಗಿ ನೋಡಿದೆನು’ ಎಂದು ಬರೆದರೆ ಎರಡೂ ಸಂಗತಿಗಳು ಬೇರೆ ಬೇರೆಯಾಗಿ ದಾಖಲಾಗುತ್ತವೆ. ಗ್ರಾಂಥಿಕವೆಂದು ನಾವು ಬದಿಗೆ ಸರಿಸಿದ ‘ಎನು’ ಪ್ರತ್ಯಯಕ್ಕೆ ಇಲ್ಲಿ ನಿಜವಾದ ಉಪಯೋಗವಿದೆ.

6

ಒಟ್ಟಿನಲ್ಲಿ ಹೇಳುವುದಾದರೆ, ದೋಷ ಶೋಧನೆಯೆಂಬುದು ಉಪಕರಣವನ್ನು ಬಿಚ್ಚುವ ಕೌಶಲಕ್ಕಿಂತ ಮೊದಲು ಸಾಕ್ಷ್ಯವನ್ನು ತೂಗುವ ವಿವೇಕ. ಅಂಕಿಯನ್ನು ವಸ್ತುವೆಂದು ಭ್ರಮಿಸದಿರುವುದು, ಸ್ವತಂತ್ರ ಸಾಕ್ಷಿಗಳನ್ನು ಎಣಿಸುವುದು, ಕಂಡದ್ದನ್ನೂ ಮಾಡಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯುವುದು ಇದರ ಮೂರು ನಿಯಮಗಳು.

ಕನ್ನಡದಲ್ಲಿ ತಾಂತ್ರಿಕ ಭಾಷೆಯ ಕೆಲಸವೆಂದರೆ ಬಹುಕಾಲ ಪಾರಿಭಾಷಿಕ ಪದಗಳ ರಚನೆಯೆಂದೇ ತಿಳಿಯಲಾಗಿದೆ. ಟ್ರಾನ್ಸ್‌ಮಿಟರಿಗೆ ಕನ್ನಡದ ಹೆಸರಿಲ್ಲವೆಂಬ ಕಾರಣದಿಂದ ಅವಘಡವಾಗದು; ‘ಮುಚ್ಚಿದೆ’ ಎಂಬ ಅಚ್ಚಗನ್ನಡ ಪದದಿಂದ ಆಗಬಹುದು. ಆದ್ದರಿಂದ ಪದಕೋಶದಷ್ಟೇ ವಾಕ್ಯರಚನೆಯೂ ನಮ್ಮ ಅಧ್ಯಯನದ ವಸ್ತುವಾಗಬೇಕಾಗಿದೆ. ಕಾರ್ಖಾನೆಗಳ ಪಾಳಿ ಪುಸ್ತಕಗಳನ್ನು, ಕಾರ್ಮಿಕರ ಮಾತಿನ ಮಾದರಿಗಳನ್ನು ಸಂಗ್ರಹಿಸಿ ವಿಶ್ಲೇಷಿಸುವ ಕ್ಷೇತ್ರಕಾರ್ಯವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಮಾಡಿಸಬಹುದು. ಪಾಲಿಟೆಕ್ನಿಕ್ ಮತ್ತು ಐಟಿಐಗಳ ಕನ್ನಡ ಪಾಠದಲ್ಲಿ ದಿನಚರಿ ಬರೆಯುವ ಅಭ್ಯಾಸಕ್ಕೆ ಸ್ಥಾನ ಕೊಡಬಹುದು. ರಾತ್ರಿ ಪಾಳಿ ಮುಗಿಸಿ ಹೊರಡುವವನು ಬರೆದಿಟ್ಟ ಸಾಲನ್ನು ನಂಬಿ ಬೆಳಗಿನವನು ಕೆಲಸಕ್ಕೆ ಇಳಿಯುತ್ತಾನೆ. ಆ ಸಾಲಿಗೆ ಒಂದೇ ಅರ್ಥವಿರುವಂತೆ ನೋಡಿಕೊಳ್ಳುವುದು ಭಾಷೆಯನ್ನು ಕಲಿಸುವವರ ಹೊಣೆಯೂ ಹೌದು.